ಹಳೇ ಬ್ರಿಟಿಷ್ ಪುರುಷರ ಮ್ಯಾಗಜೀನ್: ಬೆಂಗಳೂರಲ್ಲಿ ಕೂತು ಸಂಗ್ರಹ ಶುರು ಮಾಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಸಿಕ್ಕಿದ್ದನ್ನೆಲ್ಲ ಕೊಳ್ಳಬೇಡಿ. ಒಂದು ಪತ್ರಿಕೆ ಆರಿಸಿಕೊಳ್ಳಿ, ಅದರಲ್ಲೂ ನಾಲ್ಕೈದು ವರ್ಷದ ಸಂಚಿಕೆ ಸಾಕು. ಮುಖಪುಟ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಒಳಗಿನ ಪುಟ ಎಲ್ಲ ಇವೆಯಾ ಅನ್ನುವುದು ಮುಖ್ಯ.

ನನ್ನನ್ನು ಕೇಳಿದರೆ 'ಲಿಲಿಪುಟ್'ನಿಂದ ಶುರು ಮಾಡಿ. ಹಿಟ್ಲರನ ಜರ್ಮನಿಯಲ್ಲಿ ಜೈಲು ಕಂಡು ಬಂದ ಪತ್ರಕರ್ತ ಸ್ಟೀಫನ್ ಲೋರಂಟ್ 1937ರ ಜುಲೈನಲ್ಲಿ ಲಂಡನ್ನಿನಲ್ಲಿ ಹೊರತಂದ ಪುಟ್ಟ ಪತ್ರಿಕೆ, ಕೋಟಿನ ಜೇಬಲ್ಲಿ ಹಿಡಿಸುತ್ತದೆ. ಎದುರು ಬದುರು ಪುಟದಲ್ಲಿ ಹೋಲುವ ಎರಡು ಫೋಟೋ ಹಾಕುವುದು ಅದರ ಗಮ್ಮತ್ತು: ಈ ಕಡೆ ಪ್ರಧಾನಿ ಚೇಂಬರ್ಲೇನ್, ಆ ಕಡೆ ಲಾಮಾ ಪ್ರಾಣಿ! 1949ರವರೆಗೆ ಮುಖಪುಟ ಬರೆದವರು ವಾಲ್ಟರ್ ಟ್ರಯರ್. ಪ್ರತಿ ಚಿತ್ರದಲ್ಲೂ ಒಬ್ಬ ಗಂಡು, ಒಬ್ಬ ಹೆಣ್ಣು, ಒಂದು ನಾಯಿ ಇರಲೇಬೇಕು. ವ್ಯಂಗ್ಯಚಿತ್ರಕಾರ ರೊನಾಲ್ಡ್ ಸರ್ಲ್ ಅವರ ಸೇಂಟ್ ಟ್ರಿನಿಯನ್ಸ್ ಎಂಬ ಕಾಲ್ಪನಿಕ ಶಾಲೆಯ ತುಂಟ ಹುಡುಗಿಯರ ಮೊದಲ ಕಾರ್ಟೂನ್ ಬಂದಿದ್ದು 1941ರಲ್ಲಿ, ಇದರಲ್ಲೇ.

1935ರ 'ಮೆನ್ ಓನ್ಲಿ' ಕೂಡ ಇದೇ ತರಹದ ಜೇಬುಪತ್ರಿಕೆ. 1960ರಲ್ಲಿ ಲಿಲಿಪುಟ್ ಇದರೊಳಗೇ ಸೇರಿಹೋಯಿತು. 1971ರಲ್ಲಿ ಪ್ರಕಾಶಕ ಪಾಲ್ ರೇಮಂಡ್ ಕೈಗೆ ಹೋದ ಮೇಲೆ ಅದು ವಯಸ್ಕರ ಪತ್ರಿಕೆ. ಅಂಥದ್ದನ್ನು ವಿದೇಶದಿಂದ ತರಿಸಿದರೆ ಕಸ್ಟಮ್ಸ್‌ನವರು ತಡೆಯಬಹುದು, ಹುಷಾರು.

ಫ್ಯಾಷನ್, ಫೋಟೋ ಇಷ್ಟ ಇದ್ದರೆ 'ಟೌನ್' ಹುಡುಕಿ. 1953ರಲ್ಲಿ 'ಮ್ಯಾನ್ ಅಬೌಟ್ ಟೌನ್' ಎಂದು ಶುರುವಾಗಿ, ಆಮೇಲೆ 'ಅಬೌಟ್ ಟೌನ್' ಆಗಿ, ಕೊನೆಗೆ 'ಟೌನ್' ಆಯಿತು. ಹಾಗಾಗಿ ಆನ್‌ಲೈನ್‌ನಲ್ಲಿ ಮೂರು ಹೆಸರಿನಲ್ಲೂ ಹುಡುಕಬೇಕು. ಆದರೆ ಇದು ದೊಡ್ಡ ಗಾತ್ರ. ಇಂಗ್ಲೆಂಡಿನಿಂದ ತರಿಸಿದರೆ ಅಂಚೆ ಖರ್ಚು ಜಾಸ್ತಿ, ಲಿಲಿಪುಟ್ ಆದರೆ ಹಗುರ.

ಇಸವಿ ಅಳಿಸಿಹೋಗಿದ್ದರೆ ಬೆಲೆ ನೋಡಿ. ಬ್ರಿಟನ್ ದಶಮಾಂಶ ನಾಣ್ಯಕ್ಕೆ (ನೂರು ಪೆನ್ನಿಗೆ ಒಂದು ಪೌಂಡ್) ಬಂದಿದ್ದು 1971ರ ಫೆಬ್ರುವರಿ 15ಕ್ಕೆ. ಬರೀ ಹಳೇ ಶಿಲ್ಲಿಂಗ್ ಲೆಕ್ಕದಲ್ಲಿ ಬೆಲೆ ಇದ್ದರೆ ಅದಕ್ಕಿಂತ ಹಿಂದಿನದು. ಯುದ್ಧಕಾಲದ ಸಂಚಿಕೆ ತೆಳ್ಳಗಿದೆ ಅಂತ ಗಾಬರಿ ಬೇಡ, ಆಗ ಕಾಗದಕ್ಕೂ ರೇಷನ್ ಇತ್ತು. ಪುಟಸಂಖ್ಯೆ ಒಂದೊಂದೇ ನೋಡಿಕೊಂಡು ಹೋಗಿ. ಫ್ರೇಮ್ ಹಾಕಿಸಲು ಚಿತ್ರ ಕತ್ತರಿಸಿಕೊಂಡವರು, ಜಾಹೀರಾತಿನ ಕೂಪನ್ ಹರಿದವರು ಬಹಳ ಜನ. ಆನ್‌ಲೈನ್ ಆದರೆ ನಡುಪುಟದ ಮತ್ತು ಪುಟಗಳನ್ನು ಹಿಡಿದಿರುವ ಸ್ಟೇಪಲ್ ಪಿನ್ನಿನ ಫೋಟೋ ಕೇಳಿ ತರಿಸಿಕೊಳ್ಳಿ; ಕೊಡಲ್ಲ ಅಂದರೆ ಬಿಟ್ಟುಬಿಡಿ.

ಬೆಂಗಳೂರಲ್ಲಿ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್, ಬುಕ್‌ವರ್ಮ್, ಬ್ರಿಗೇಡ್ ರೋಡ್ ಪಕ್ಕದ ಸೆಲೆಕ್ಟ್, ಆಮೇಲೆ ಅವೆನ್ಯೂ ರೋಡ್ ಸುತ್ತಿ. ಸುಮ್ನೆ ಕಣ್ಣಾಡಿಸಿ ಬರಬೇಡಿ, ಪತ್ರಿಕೆ ಹೆಸರು, ಇಸವಿ, ನಿಮ್ಮ ನಂಬರ್ ಬರೆದ ಚೀಟಿ ಕೊಟ್ಟು ಬನ್ನಿ. ಕಂಟೋನ್ಮೆಂಟ್ ಕಡೆಯ ಗುಜರಿ ಅಂಗಡಿಯವರಿಗೂ ಹೇಳಿಡಿ. ಫ್ರೇಜರ್ ಟೌನ್, ರಿಚ್ಮಂಡ್ ಟೌನ್‌ನ ಹಳೇ ಬಂಗಲೆ ಖಾಲಿ ಮಾಡುವಾಗ ಪುಸ್ತಕ, ಪೇಪರ್ ಎಲ್ಲ ತೂಕಕ್ಕೆ ಹೋಗುತ್ತವೆ, ಅಲ್ವಾ?

ಮನೆಗೆ ತಂದ ಮೇಲೆ ಲ್ಯಾಮಿನೇಶನ್, ಸೆಲ್ಲೋಟೇಪ್ ಎರಡೂ ಬೇಡ. ಪಾಲಿಯೆಸ್ಟರ್ ಕವರ್, ಹಿಂದೆ ಆಸಿಡ್ ಇಲ್ಲದ ರಟ್ಟು, ಇಷ್ಟು ಸಾಕು. ನಮ್ಮ ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಬೀರು ಒಳಗೇ ತೇವ ಹಿಡಿಯುತ್ತದೆ, ಅದಕ್ಕೇ ಒಳಗೋಡೆ ಕಡೆ, ನೆಲದಿಂದ ಮೇಲಿಡಿ. ಬೂಷ್ಟು ಹಿಡಿದ ಪ್ರತಿ ಸಿಕ್ಕರೆ ಉಳಿದವುಗಳ ಜೊತೆ ಸೇರಿಸಬೇಡಿ. ನೆರಳಲ್ಲಿ, ಗಾಳಿಯಲ್ಲಿ ಚೆನ್ನಾಗಿ ಒಣಗಿಸಿ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಮೆತ್ತನೆ ಬ್ರಶ್‌ನಿಂದ ಒರೆಸಿ. ಪುಟಕ್ಕೆ ತುಕ್ಕು ಹತ್ತಿಸುತ್ತಿರುವ ಪಿನ್ನನ್ನು ಎಳೆದು ಕೀಳಬೇಡಿ, ಅದರ ಕಾಲುಗಳನ್ನು ಮೆಲ್ಲಗೆ ನೆಟ್ಟಗೆ ಮಾಡಿ ಒಳಗಿನಿಂದ ಹೊರಗೆ ತಳ್ಳಿದರೆ ಕಾಗದ ಹರಿಯದೆ ಬರುತ್ತದೆ.