ಮಳೆಯನ್ನೇ ಮಿಕ್ಸರಿಗೆ ಕೊಟ್ಟ ಕತೆ

"ಇದೆಂತ ಮಾರಾಯ್ರೆ, ಜನ ಎದ್ದು ಹೋಗ್ತಾರೆ" ಅಂತ ನನ್ನ ನಾಯ್ಸ್ ಸಂಗೀತಕ್ಕೆ (ರಾಗ-ತಾಳ ಇಲ್ಲ, ಬರೀ ಸದ್ದು) ಅಂದವರೆಲ್ಲ ಜುಲೈಯ ಆ ಶನಿವಾರ ಮಂಗಳೂರಿನ ಬಿಜೈಗೆ ಬರ್ಬೇಕಿತ್ತು. ದೋಸ್ತಿಯ ಹಳೇ ಮನೆ, ಅಂಗಳಕ್ಕೆ ಶೀಟ್ ಹಾಕಿದ್ದು, 35-40 ಜನ, 50 ನಿಮಿಷ ನಾಯ್ಸು, ಎದ್ದು ಹೋದದ್ದು ನಾಲ್ಕೇ ಜನ, ಅದ್ರಲ್ಲಿ ಇಬ್ರಿಗೆ ಲಾಸ್ಟ್ ಬಸ್ಸು.

ಮೊದ್ಲು ಎರಡು ಸಲ ಮಾನ ಹೋಗಿತ್ತು. ಒಂದ್ಸಲ ಲ್ಯಾಪ್‌ಟಾಪಲ್ಲಿ ಮಾಡಿದೆ, ಮುಗಿದ ಮೇಲೆ ಒಬ್ರು "ಆಫೀಸ್ ಕೆಲಸ ಇತ್ತಾ?" ಅಂತ ಕೇಳಿದ್ರು. ಮತ್ತೆ ನೋ-ಇನ್‌ಪುಟ್, ಅಂದ್ರೆ ಹೊರಗಿಂದ ಎಂತದೂ ಹಾಕದೆ ಮಿಕ್ಸರಿನ ಒಂದು ಔಟ್‌ಪುಟ್ಟನ್ನು (ಆಕ್ಸ್ ಸೆಂಡ್) ಅದೇ ಮಿಕ್ಸರಿನ ಚಾನೆಲಿಗೆ ತಿರುಗಿಸಿದ್ದು, ಚಂದ ಕೂಗ್ತಾ ಇತ್ತು, ಹೈ ಸ್ವಲ್ಪ ಜಾಸ್ತಿ ತಿರುಗಿಸಿದೆ ನೋಡಿ, ಬಾಡಿಗೆ ಸ್ಪೀಕರಿನ ಟ್ವೀಟರ್ (ಕೀರಲು ಸದ್ದಿನ ಸಣ್ಣ ಸ್ಪೀಕರ್) ಢಮಾರ್. ಸೌಂಡ್ಸ್‌ನವ್ರು ಬಾಡಿಗೆ 5000 ಅಲ್ದೆ ಡಯಾಫ್ರಾಮಿಗೆ ಅಂತ 2000 ಚಿಲ್ರೆ ತಕೊಂಡ್ರು.

ಈ ಸಲ ಆ ಮಿಕ್ಸರ್ ಕೂಗಿಗೆ ಮಳೆಯನ್ನೂ ಸೇರಿಸಿದೆ. 27 ಎಂಎಂ ಪೀಜೊ (ಅದುರಿದ್ದನ್ನು ಸಿಗ್ನಲ್ ಮಾಡುವ ತೆಳು ಬಿಲ್ಲೆ), ಒಂದಕ್ಕೆ 15 ರೂಪಾಯಿಯೋ ಏನೋ, 10 ತಂದದ್ರಲ್ಲಿ 4 ಸೋಲ್ಡರಿಂಗ್ ಬಿಸಿಗೇ ಸತ್ತವು. ಉಳಿದದ್ದನ್ನು ಶೀಟಿಗೆ ಅಂಟಿಸಿ, ಬಫರ್ ಅಂತ ಒಂದು ಸಣ್ಣ ಸರ್ಕ್ಯೂಟ್ ದಾಟಿಸಿ (ಅದಿಲ್ಲದಿದ್ರೆ ಬೇಸೇ ಇಲ್ಲ, ಬರೀ ಡಬ್ಬಿ ಸೌಂಡು), ಫೀಡ್‌ಬ್ಯಾಕ್ ಲೂಪಿನ (ಮಿಕ್ಸರಿನ ಸದ್ದು ತಿರುಗಿ ಮಿಕ್ಸರಿಗೇ ಹೋಗುವ ಸುತ್ತು) ಒಳಗೆ ಬಿಟ್ಟೆ. ಹನಿ ಬಿದ್ದ ಹಾಗೆ ಕೂಗು ಜಾರ್ತದೆ, ಮಳೆ ಜೋರಾದ್ರೆ ಒಟ್ರಾಶಿ ಕಿರುಚ್ತದೆ. ಪೀಜೊಗೆ ನೀರು ಹೋಗದ ಹಾಗೆ ಎಂತ ಮೆತ್ತಿದೆ ಅಂತ ಹೇಳುದಿಲ್ಲ, ಅಡುಗೆಮನೆಯದ್ದೇ.

ಮಂಡೆಬಿಸಿ ಮಾಡಿದ್ದು ಹಮ್, ಕರೆಂಟಿನ ಗುಂಯ್ ಸದ್ದು. ಹಳೇ ವೈರಿಂಗ್, ಅರ್ತಿಂಗ್ ಕೇಳ್ಬೇಡಿ, 50 ಹರ್ಟ್ಸಿನ ಗುಂಯ್ ಬಿಟ್ಟು ಬೇರೇನೂ ಕೇಳ್ತಿರ್ಲಿಲ್ಲ. ಯುಎಸ್‌ಬಿಯಲ್ಲಿ ಓಡುವ ಸಣ್ಣ ಮಿಕ್ಸರನ್ನು ಪವರ್‌ಬ್ಯಾಂಕಿಗೆ ಹಾಕಿದೆ, ಗುಂಯ್ ನಿಂತಿತು. 40106 ಚಿಪ್ಪಿನ ಆಸಿಲೇಟರ್ ಡಬ್ಬಿಯನ್ನೂ (ತಾನೇ ಸದ್ದು ಹುಟ್ಟಿಸುವಂಥದ್ದು) ಇನ್ನೊಂದು ಪವರ್‌ಬ್ಯಾಂಕಿಗೇ ಹಾಕಿದ್ರೆ ಅರ್ಧ ನಿಮಿಷದಲ್ಲಿ ಆಫ್. ಅದು ಎಳೆಯುವ ಕರೆಂಟು ಅಷ್ಟು ಕಮ್ಮಿ, ಪವರ್‌ಬ್ಯಾಂಕಿಗೆ ಎಂತದೂ ಕನೆಕ್ಟ್ ಆಗಿಲ್ಲ ಅಂತ ಲೆಕ್ಕ. ಕಡೆಗೆ 9 ವೋಲ್ಟ್ ಬ್ಯಾಟರಿಯೇ ಗತಿ.

ನಡುವೆ ಚೆಂಡೆಗೂ ಒಂದು ಪೀಜೊ ಅಂಟಿಸಿ ನೋಡಿದ್ದೆ. ಥಂಡಿಗೆ ಚರ್ಮ ಇಳಿದು ಹೋಗಿತ್ತು, ಚೆಂಡೆ ಬಾರಿಸುವ ದೋಸ್ತಿ ಎರಡೇ ನಿಮಿಷಕ್ಕೆ ಕೈಮುಗಿದ. ಅದನ್ನು ಬೇಸಿಗೆಗೆ ನೋಡ್ಬೇಕು.

"ಫಾರಿನ್ ಹುಚ್ಚು" ಅಂದವರಿಗೆ ಒಂದು ಮಾತು: 1969ರಲ್ಲೇ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿಯಲ್ಲಿ ಮೂಗ್ ಸಿಂಥ್ (ಕರೆಂಟಲ್ಲೇ ಸದ್ದು ಹುಟ್ಟಿಸುವ ವಾದ್ಯ) ಇಟ್ಟು ಸ್ಟುಡಿಯೋ ಮಾಡಿಕೊಟ್ಟಿದ್ರು.

10 ಗಂಟೆ ಮೇಲೆ ಸ್ಪೀಕರ್ ಹಾಕ್ಲಿಕ್ಕಿಲ್ಲ, 9:40ಕ್ಕೇ ಮುಗಿಸಿದೆ. ಟಿಕೆಟ್ 150, ಬಾಡಿಗೆ, ಚಾ, ಗೋಳಿಬಜೆ ಎಲ್ಲ ಕಳೆದು ಕೈಗೆ 300 ಉಳಿಯಿತು. ಅದೇ ಸೌಂಡ್ಸ್‌ನವ್ರು ಸ್ಪೀಕರ್ ತುಂಬಿಸುವಾಗ ಮೊದ್ಲು ಟ್ವೀಟರಿಗೆ ಕಿವಿ ಇಟ್ಟು ನೋಡಿದ್ರು, ಮತ್ತೆ ಮೆಲ್ಲ "ಆ ಮಳೆದ್ದು ರೆಕಾರ್ಡ್ ಉಂಟಾ?" ಅಂತ ಕೇಳಿದ್ರು.