ಕರೆಂಟ್ ಹೋದರೂ ಪೈ ಬೋರ್ಡಿನ ಟೈಮ್ ತಪ್ಪದಿರಲು

ರಾಸ್ಪ್‌ಬೆರಿ ಪೈ ಅಂದರೆ ಅಂಗೈಯಷ್ಟು ಪುಟ್ಟ ಕಂಪ್ಯೂಟರ್ ಬೋರ್ಡ್. ಪೈ 4 ಮತ್ತು ಅದಕ್ಕಿಂತ ಹಳೆಯ ಪೈ ಬೋರ್ಡ್‌ಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವೇ ಇಲ್ಲ. ಆನ್ ಆದ ಮೇಲೆ ಇಂಟರ್ನೆಟ್‌ನಿಂದ ಸಮಯ ತಿಳಿದುಕೊಳ್ಳುತ್ತವೆ. ಮನೆಯಲ್ಲಿ ವೈಫೈ ಇದ್ದರೆ ಈ ಕೊರತೆ ಗೊತ್ತೇ ಆಗುವುದಿಲ್ಲ. ಆದರೆ ನೆಟ್ ಸಿಗದ ತೋಟದಲ್ಲಿ ಮಳೆ ದಾಖಲಿಸಲು ಪೈ ಇಟ್ಟಿದ್ದೀರಿ ಅಂದುಕೊಳ್ಳಿ. ರಾತ್ರಿ ಹೋದ ಕರೆಂಟ್ ಬೆಳಿಗ್ಗೆ ಬಂತು. ಪೈ ತಾನು ಕೊನೆಗೆ ಬರೆದಿಟ್ಟ ಸಮಯದಿಂದಲೇ ಲೆಕ್ಕ ಮುಂದುವರಿಸುತ್ತದೆ. ಬೆಳಗಿನ ಮಳೆ ರಾತ್ರಿಯ ಖಾತೆಗೆ ಹೋಗುತ್ತದೆ!

ಇದಕ್ಕೆ ಬೇಕಾದದ್ದು ಆರ್‌ಟಿಸಿ, ಅಂದರೆ ರಿಯಲ್ ಟೈಮ್ ಕ್ಲಾಕ್ ಮಾಡ್ಯೂಲ್. ಡಿಎಸ್3231 ಚಿಪ್ ಇರುವುದನ್ನೇ ಕೊಳ್ಳಿ. ಅದು ಬಿಸಿ, ಚಳಿಗೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ವರ್ಷಕ್ಕೆ ತಪ್ಪಿದರೂ ಸುಮಾರು ಒಂದು ನಿಮಿಷ, ಅಷ್ಟೇ. ಡಿಎಸ್1307 ಅಗ್ಗ, ನಿಜ. ಆದರೆ ಅದು 5 ವೋಲ್ಟ್ ಕೇಳುತ್ತದೆ, ಟೈಮ್ ಕೂಡ ಜಾಸ್ತಿ ತಪ್ಪುತ್ತದೆ. ಬೇಡ.

ಈಗ ಬ್ಯಾಟರಿ. ಹೆಚ್ಚಿನವರು ಎಡವುವುದು ಇಲ್ಲೇ. ಸಿಆರ್2032 ಮತ್ತು ಎಲ್‌ಐಆರ್2032 ಎರಡೂ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2032 ಅಂದರೆ ಅದೇ ಅಳತೆ. ನೋಡಲು ಒಂದೇ ಥರ. ಆದರೆ ಸಿಆರ್ ಸೆಲ್ಲನ್ನು ಚಾರ್ಜ್ ಮಾಡಲೇಬಾರದು. ಎಲ್‌ಐಆರ್ ಚಾರ್ಜ್ ಆಗುವಂಥದ್ದು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಝಡ್‌ಎಸ್-042 ಮಾಡ್ಯೂಲ್‌ನಲ್ಲಿ ಚಾರ್ಜ್ ಮಾಡುವ ಪುಟ್ಟ ಸರ್ಕ್ಯೂಟ್ ಇದೆ: ಒಂದು ಡಯೋಡ್, '201' ಎಂದು ಬರೆದಿರುವ ಒಂದು ರೆಸಿಸ್ಟರ್. ಇದಕ್ಕೆ 5 ವೋಲ್ಟ್ ಕೊಟ್ಟರೆ ಸೆಲ್‌ಗೆ ಸುಮಾರು 4.4 ವೋಲ್ಟ್ ತಲುಪುತ್ತದೆ. 3 ವೋಲ್ಟಿನ ಸಿಆರ್ ಸೆಲ್ ಊದಿಕೊಳ್ಳಬಹುದು, ಸೋರಬಹುದು. ಎಲ್‌ಐಆರ್‌ಗೂ 4.2ರ ಮೇಲೆ ಕೊಡುವಂತಿಲ್ಲ. ಹಾಗಾಗಿ ಆ 201 ರೆಸಿಸ್ಟರನ್ನು ಸೋಲ್ಡರಿಂಗ್ ಐರನ್‌ನಿಂದ ಕಿತ್ತುಹಾಕಿ, ಸಿಆರ್2032 ಹಾಕಿ. ಕೆಲಸ ಐದು ನಿಮಿಷದ್ದು. ಮಾಡ್ಯೂಲ್ ಹಾಳಾಗುವುದಿಲ್ಲ. ಸೆಲ್ ವರ್ಷಗಟ್ಟಲೆ ಬರುತ್ತದೆ.

ಇನ್ನೊಂದು ಮಾತು: ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಪುಟ್ಟ ಮಕ್ಕಳು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು.

ಪೈ ಆಫ್ ಮಾಡಿ ವೈರ್ ಜೋಡಿಸಿ. ಮಾಡ್ಯೂಲ್‌ನ ವಿಸಿಸಿ ಪೈನ 1ನೇ ಪಿನ್‌ಗೆ (3.3 ವೋಲ್ಟ್), ಎಸ್‌ಡಿಎ 3ಕ್ಕೆ, ಎಸ್‌ಸಿಎಲ್ 5ಕ್ಕೆ, ಗ್ರೌಂಡ್ 9ಕ್ಕೆ. 5 ವೋಲ್ಟ್ ಪಿನ್ ಮುಟ್ಟಬೇಡಿ. ರೆಸಿಸ್ಟರ್ ತೆಗೆದಿದ್ದರೂ ಅಷ್ಟೇ. ಪೈನ ಡೇಟಾ ಪಿನ್‌ಗಳು 3.3ಕ್ಕಿಂತ ಜಾಸ್ತಿ ತಡೆಯುವುದಿಲ್ಲ.

ಆನ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಐ2ಸಿ (ಪೈ ಮತ್ತು ಚಿಪ್ ಮಾತಾಡಿಕೊಳ್ಳುವ ಎರಡು ವೈರಿನ ದಾರಿ) ಚಾಲೂ ಮಾಡಿ. ಐ2ಸಿಡಿಟೆಕ್ಟ್ ಕಮಾಂಡ್ ಓಡಿಸಿದಾಗ 68 ಕಂಡರೆ ಚಿಪ್ ಸಿಕ್ಕಿತು ಎಂದರ್ಥ. ಪಕ್ಕದಲ್ಲಿ 57 ಕಂಡರೆ ಗಾಬರಿ ಬೇಡ, ಅದು ಮಾಡ್ಯೂಲ್‌ನಲ್ಲಿರುವ ಮೆಮೊರಿ ಚಿಪ್. ಪೈನ ಸೆಟ್ಟಿಂಗ್ ಸಾಲುಗಳಿರುವ ಕಾನ್ಫಿಗ್ ಫೈಲಿನ (config.txt) ಕೊನೆಗೆ 'ಡಿಟಿಓವರ್‌ಲೇ=ಐ2ಸಿ-ಆರ್‌ಟಿಸಿ,ಡಿಎಸ್3231' ಸಾಲನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಸೇರಿಸಿ. ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಎಂಬ, ಕೊನೆಯ ಸಮಯ ಬರೆದಿಡುವ ಪ್ಯಾಕೇಜ್ ಇದ್ದರೆ ತೆಗೆದುಹಾಕಿ, ರೀಬೂಟ್ ಮಾಡಿ. ಈಗ 68ರ ಜಾಗದಲ್ಲಿ 'ಯುಯು' ಕಾಣಬೇಕು, ಅಂದರೆ ಪೈ ಆ ಚಿಪ್ಪನ್ನು ಬಳಸತೊಡಗಿದೆ. ತೋಟಕ್ಕೆ ಒಯ್ಯುವ ಮೊದಲೇ, ನೆಟ್‌ನಿಂದ ಸರಿಯಾದ ಟೈಮ್ ಬಂದ ಮೇಲೆ ಎಚ್‌ಡಬ್ಲ್ಯೂಕ್ಲಾಕ್ ಕಮಾಂಡಿಗೆ 'ಡಬ್ಲ್ಯೂ' (-w) ಆಯ್ಕೆ ಕೊಟ್ಟು ಚಿಪ್‌ಗೆ ಬರೆಯಿರಿ.

ಪೈ 5 ಇದ್ದವರಿಗೆ ಇಷ್ಟು ತಾಪತ್ರಯವಿಲ್ಲ. ಆರ್‌ಟಿಸಿ ಬೋರ್ಡಿನಲ್ಲೇ ಇದೆ. ಪವರ್ ಸಾಕೆಟ್ ಪಕ್ಕದ ಎರಡು ಪಿನ್ನಿನ ಜೆ5 ಕನೆಕ್ಟರ್‌ಗೆ ಪೈನವರದೇ ಬ್ಯಾಟರಿ ಸಿಕ್ಕಿಸಿದರೆ ಸಾಕು. ಅದು ಎಂಎಲ್2020, ಚಾರ್ಜ್ ಆಗುವಂಥದ್ದು. ಆದರೆ ಚಾರ್ಜಿಂಗ್ ಮೊದಲಿಗೆ ಆಫ್ ಇರುತ್ತದೆ. ಕಾನ್ಫಿಗ್ ಫೈಲಿನಲ್ಲಿ 'ಡಿಟಿಪ್ಯಾರಮ್=ಆರ್‌ಟಿಸಿ_ಬಿಬ್ಯಾಟ್_ವಿಸಿಎಚ್‌ಜಿ=3000000' ಎಂದು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೇ ಬರೆದರೆ 3 ವೋಲ್ಟ್‌ವರೆಗೆ ಚಾರ್ಜ್ ಆಗುತ್ತದೆ. ಇಲ್ಲಿಗೆ ಸಿಆರ್ ಸೆಲ್ ಬೇಡವೇ ಬೇಡ. ಚಾರ್ಜಿಂಗ್ ಆಫ್ ಇಟ್ಟರೂ ಈ ಗಡಿಯಾರ ಅದನ್ನು ಬೇಗ ಖಾಲಿ ಮಾಡುತ್ತದೆ.

ಕೊನೆಗೆ ಪರೀಕ್ಷೆ. ವೈಫೈ, ನೆಟ್ ಕೇಬಲ್ ಎರಡನ್ನೂ ಮೊದಲು ಬಿಡಿಸಿ. ಇಲ್ಲದಿದ್ದರೆ ಪೈ ನೆಟ್ ನೋಡಿ ಟೈಮ್ ತಿದ್ದಿಕೊಳ್ಳುತ್ತದೆ, ನೀವು ಸುಮ್ನೆ ಖುಷಿಪಡುತ್ತೀರಿ. ಆಫ್ ಮಾಡಿ, ಪವರ್ ಪ್ಲಗ್ ಕಿತ್ತು, ಒಂದು ಗಂಟೆ ಬಿಟ್ಟು ಆನ್ ಮಾಡಿ. ಟೈಮ್ ಹಿಂದೆ ಬಿದ್ದಿದ್ದರೆ ಮೊದಲು ಸೆಲ್ ಸರಿಯಾಗಿ ಕೂತಿದೆಯೇ ನೋಡಿ. ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಬಂದರೆ ಮಾತ್ರ ಬ್ಯಾಟರಿಯನ್ನು ಬೈಯಬೇಡಿ. ಆರ್‌ಟಿಸಿ ಯುಟಿಸಿ ಸಮಯ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಇಟ್ಟುಕೊಂಡಿದೆ, ಅದು ಸರಿಯೇ. ಪೈನ ಟೈಮ್ ಝೋನನ್ನು ಏಷ್ಯಾ/ಕೋಲ್ಕತ್ತಾ ಎಂದು ಬದಲಿಸಿ.