108ರಿಂದ 162ಕ್ಕೆ: ಝೆರಾಕ್ಸ್ ಅಂಗಡಿಯಲ್ಲಿ ಕಳೆದ ನನ್ನ ಸಿಇಟಿ ವರ್ಷ

ಪಿಯುಸಿ ಆದ ಮೇಲೆ ವೃತ್ತಿಪರ ಕೋರ್ಸಿನ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆ ಸಿಇಟಿ. 2018ರಲ್ಲಿ ಅದರಲ್ಲಿ ನನಗೆ 240ಕ್ಕೆ 108 ಬಂತು. ಬಯಾಲಜಿ 38, ಗಣಿತ 17, ಫಿಸಿಕ್ಸ್ 24, ಕೆಮಿಸ್ಟ್ರಿ 29. ನನಗೆ ಬೇಕಿದ್ದದ್ದು ಶಿರಸಿಯ ಅರಣ್ಯ ಕಾಲೇಜು. ಬನವಾಸಿ ರಸ್ತೆಯಲ್ಲಿದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ನನ್ನ ರ‍್ಯಾಂಕ್ ನೋಡಿದವರು ಆ ಮಾತನ್ನೇ ಎತ್ತಲಿಲ್ಲ.

ಜೊತೆಯವರು ಕೋಚಿಂಗಿಗೆ ಅಂತ ಮಂಗಳೂರು, ಧಾರವಾಡ ಸೇರಿದರು. ನಮ್ಮ ಮನೆಯಲ್ಲಿ ಅಷ್ಟು ದುಡ್ಡಿರಲಿಲ್ಲ. ಅಂಕೋಲಾದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಕೆಲಸಕ್ಕೆ ನಿಂತೆ. ಆಗ ಅದು ಸೋಲು ಅನಿಸಿತ್ತು. ಆದರೆ ಅಲ್ಲಿ ಕಂಪ್ಯೂಟರ್ ಇತ್ತು, ಪ್ರಿಂಟರ್ ಇತ್ತು, ಒಂದು ಬದಿ ಖಾಲಿ ಇರುವ ರದ್ದಿ ಕಾಗದ ಬೇಕಾದಷ್ಟಿತ್ತು. ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹಳೆ ಪ್ರಶ್ನೆಪತ್ರಿಕೆ, ಕೀ ಉತ್ತರ ಎಲ್ಲ ಪುಕ್ಕಟೆ ಸಿಗುತ್ತವೆ. ಮೊದಲ ತಿಂಗಳ ಸಂಬಳ ಕೈಗೆ ಬರುವ ಮೊದಲೇ ಎಂಟು ವರ್ಷದ ಪೇಪರ್ ಪ್ರಿಂಟ್ ಹಾಕಿಕೊಂಡಿದ್ದೆ.

ಅದಕ್ಕಿಂತ ಮೊದಲು ಮಾಡಿದ ಒಂದು ಕೆಲಸವೇ ನನ್ನನ್ನು ಉಳಿಸಿದ್ದು. ಸಿಇಟಿ ಮುಗಿದ ಮೇಲೆ ಓಎಂಆರ್ ಹಾಳೆಯ, ಅಂದರೆ ಗುಂಡು ತುಂಬಿ ಉತ್ತರ ಗುರುತಿಸುವ ಹಾಳೆಯ, ಒಂದು ಪ್ರತಿ ನಮ್ಮ ಕೈಗೇ ಕೊಡುತ್ತಾರೆ. ಪ್ರಶ್ನೆಪತ್ರಿಕೆಯೂ ನಮ್ಮ ಹತ್ತಿರವೇ ಇರುತ್ತದೆ. ಹೆಚ್ಚಿನವರು ಕೀ ಉತ್ತರ ನೋಡಿ ಅಂಕ ಎಣಿಸಿ ಬಿಸಾಡುತ್ತಾರೆ. ನಾನು ಒಂದು ಮಳೆಯ ಭಾನುವಾರ ಕರೆಂಟಿಲ್ಲದ ಹೊತ್ತಿನಲ್ಲಿ ಕೂತು, ಕಳೆದುಕೊಂಡ 132 ಅಂಕಗಳನ್ನು ಒಂದೊಂದಾಗಿ ವಿಂಗಡಿಸಿದೆ. ಮುಟ್ಟದೇ ಬಿಟ್ಟದ್ದು 14. ಏನೂ ಗೊತ್ತಿಲ್ಲದ್ದು 70. ಉಳಿದ 48 ಪ್ರಶ್ನೆ ನನಗೆ ಗೊತ್ತಿದ್ದವು! ಮನೆಯಲ್ಲಿ ಕೂತು ಮಾಡಿದರೆ ಸರಿ ಬರುತ್ತಿದ್ದವು. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಆ 48ಕ್ಕೆ ಒಂದು ನೋಟ್‌ಬುಕ್ ಮಾಡಿದೆ. ಪ್ರಶ್ನೆ ಎಡಕ್ಕೆ, ಏನು ಎಡವಟ್ಟು ಮಾಡಿದೆ ಅಂತ ಒಂದೇ ಸಾಲು ಬಲಕ್ಕೆ. ಸರಿ ಉತ್ತರ ಬರೆಯಲಿಲ್ಲ, ಅದು ಪುಸ್ತಕದಲ್ಲಿ ಇದ್ದೇ ಇರುತ್ತದೆ. ಹತ್ತು ಪುಟ ಆಗುವಷ್ಟರಲ್ಲಿ ನನ್ನ ಚಾಳಿ ಕಣ್ಣಿಗೆ ಬಿತ್ತು. ಹತ್ತನೇ ತನಕ ನಾನು ಕನ್ನಡ ಮಾಧ್ಯಮ. ಬಯಾಲಜಿಯಲ್ಲಿ ‘ನಾಟ್’, ‘ಇನ್‌ಕರೆಕ್ಟ್’, ‘ಎಕ್ಸೆಪ್ಟ್’ ಅಂತ ಇರುವ ಪ್ರಶ್ನೆಗಳನ್ನು ಗಡಿಬಿಡಿಯಲ್ಲಿ ಉಲ್ಟಾ ಓದುತ್ತಿದ್ದೆ. ಅಂಥವೇ ಆರು ಅಂಕ ಹೋಗಿದ್ದವು. ಆಮೇಲೆ ಪ್ರಶ್ನೆ ಓದುವಾಗಲೇ ಆ ಪದಕ್ಕೆ ಪೆನ್ನಿನಿಂದ ಗೋಲ ಸುತ್ತುವ ಅಭ್ಯಾಸ ಮಾಡಿಕೊಂಡೆ. ಫಿಸಿಕ್ಸ್‌ನಲ್ಲಿ ಸೆಂಟಿಮೀಟರನ್ನು ಮೀಟರ್ ಮಾಡದೇ ಬಿಡುವುದು ನನ್ನ ಹುಟ್ಟುಗುಣ. ಅದು ಪೂರ್ತಿ ಹೋಗಲಿಲ್ಲ, ಕಡಿಮೆ ಆಯಿತು.

ಇನ್ನು ಗಣಿತ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು.

ಎಲ್ಲರೂ 60 ಪ್ರಶ್ನೆಗೆ 80 ನಿಮಿಷ ಅನ್ನುತ್ತಾರೆ. ಪ್ರಶ್ನೆಪತ್ರಿಕೆಯ ಮೊದಲ ಪುಟ ಓದಿ: ಒಟ್ಟು ಅವಧಿ 80 ನಿಮಿಷ, ಉತ್ತರಿಸಲು 70. ಅಂದರೆ ಒಂದು ಪ್ರಶ್ನೆಗೆ ಸರಿಯಾಗಿ 70 ಸೆಕೆಂಡ್. ಮೊದಲ ಸಲ ನಾನು ಒಂದನೇ ಪ್ರಶ್ನೆಯಿಂದ ಸಾಲಾಗಿ ಹೊರಟು, ಒಂದು ಇಂಟಿಗ್ರಲ್ ಮುಂದೆ ಐದು ನಿಮಿಷ ಕೂತಿದ್ದೆ. ಅದೂ ಬರಲಿಲ್ಲ. ಕೊನೆಗೆ ಗಂಟೆ ಹೊಡೆದಾಗ 11 ಪ್ರಶ್ನೆ ಖಾಲಿ. ನಾಲ್ಕು ಆಯ್ಕೆ ಕೊಟ್ಟು, ತಪ್ಪಿಗೆ ಅಂಕ ಕಳೆಯದ ಪರೀಕ್ಷೆಯಲ್ಲಿ 11 ಖಾಲಿ ಬಿಡುವುದು ಅಂದರೆ, ಕಣ್ಣುಮುಚ್ಚಿ ಗುರುತಿಸಿದರೂ ಬರಬಹುದಾಗಿದ್ದ ಸುಮಾರು ಮೂರು ಅಂಕ ಸುಮ್ನೆ ಗಟಾರಕ್ಕೆ ಹಾಕಿದ ಹಾಗೆ.

ಎರಡನೇ ವರ್ಷ ಎರಡು ಸುತ್ತು ಮಾಡಿದೆ. ಮೊದಲ ಸುತ್ತಿನಲ್ಲಿ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ವೆಕ್ಟರ್, ಪ್ರಾಬೆಬಿಲಿಟಿ, ಲೀನಿಯರ್ ಪ್ರೋಗ್ರಾಮಿಂಗ್. ಇವುಗಳಲ್ಲಿ ನೋಡಿದ ಕೂಡಲೇ ದಾರಿ ಕಾಣುತ್ತದೆ. ಕಾಣದಿದ್ದರೆ ಒಂದು ಚುಕ್ಕೆ ಇಟ್ಟು ಮುಂದೆ. ಇಂಟಿಗ್ರೇಶನ್ ಎಲ್ಲ ಎರಡನೇ ಸುತ್ತಿಗೆ. ಅದರಲ್ಲೂ ಒಂದು ಜಾತಿಯ ಪ್ರಶ್ನೆ ಹಳೆ ಪೇಪರುಗಳಲ್ಲಿ ವೇಷ ಬದಲಿಸಿ ಬರುತ್ತಲೇ ಇತ್ತು. ಸೊನ್ನೆಯಿಂದ ಪೈ ಬೈ ಟೂ ತನಕ ಇಂಟಿಗ್ರಲ್, ಮೇಲೆ ಸೈನ್‌ನ ಯಾವುದೋ ಒಂದು ಘಾತ, ಕೆಳಗೆ ಅದೇ ಘಾತದ ಸೈನ್ ಮತ್ತು ಕಾಸ್ ಕೂಡಿಸಿದ್ದು. ಘಾತ ಎಷ್ಟೇ ಭಯಂಕರ ಇರಲಿ, ಉತ್ತರ ಪೈ ಬೈ ಫೋರ್. ಯಾಕೆ ಅಂತ ಒಂದು ಸಲ ಬಿಡಿಸಿ ನೋಡಿಕೊಂಡರೆ ಆಮೇಲೆ ಹತ್ತು ಸೆಕೆಂಡಿನ ಕೆಲಸ. ಟ್ರಿಗ್ನಾಮೆಟ್ರಿಯಲ್ಲಿ ಎಕ್ಸ್‌ಗೆ ಒಂದು ಸುಲಭದ ಬೆಲೆ ಹಾಕಿ ಆಯ್ಕೆಗಳನ್ನು ಹೊಡೆದುಹಾಕುವುದನ್ನೂ ಕಲಿತೆ. ನಮ್ಮ ಸರ್‌ಗೆ ಇದು ಇಷ್ಟವಿಲ್ಲ. ನನಗೂ ಇಲ್ಲ, ಆದರೆ 70 ಸೆಕೆಂಡಿಗೆ ಬೇರೆ ದಾರಿ ಏನಿದೆ?

ಆಗ ಸಿಇಟಿಯ ಮೊದಲ ದಿನ ಬೆಳಿಗ್ಗೆ ಬಯಾಲಜಿ, ಮಧ್ಯಾಹ್ನ ಎರಡೂವರೆಗೆ ಗಣಿತ ಇರುತ್ತಿತ್ತು. ಏಪ್ರಿಲ್ ತಿಂಗಳ ಕರಾವಳಿಯ ಮಧ್ಯಾಹ್ನ ಹೇಗಿರುತ್ತದೆ ಅಂತ ಘಟ್ಟದ ಮೇಲಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. 2018ರಲ್ಲಿ ಕಾರವಾರದ ಕೇಂದ್ರದಲ್ಲಿ ನನ್ನ ಕೈ ಬೆವರಿಗೆ ಓಎಂಆರ್ ಒದ್ದೆಯಾಗಿ ಇಂಕು ಹರಡಿತ್ತು. ಹಾಗಾಗಿ ಅಂಗಡಿ ಕೆಲಸ ಮುಗಿಸಿ ಊಟ ಮಾಡಿ, ದಿನ ಬಿಟ್ಟು ದಿನ ಎರಡೂವರೆಗೇ ಗಣಿತದ ಪೇಪರ್ ಬಿಡಿಸಲು ಕೂರುತ್ತಿದ್ದೆ. ಫ್ಯಾನ್ ಬಂದ್. ಕೈಯಡಿಗೆ ಮಡಚಿದ ಕರ್ಚೀಫು. ಖಾಲಿ ಓಎಂಆರ್ ನಮೂನೆಯ ಝೆರಾಕ್ಸ್ ಮೇಲೆ ಬಾಲ್‌ಪೆನ್ನಿನಿಂದಲೇ ಗುಂಡು ತುಂಬುವುದು, ಐದು ಪ್ರಶ್ನೆಗೊಮ್ಮೆ. ಅಮ್ಮ ಇದನ್ನು ನೋಡಿ “ಹುಚ್ಚು ಹಿಡಿದಿದೆ” ಅಂತ ಪಕ್ಕದ ಮನೆಯಲ್ಲಿ ಹೇಳಿದ್ದರು.

ಗೊತ್ತಿಲ್ಲದ 70ರ ಕಥೆ ಬೇರೆ. ಅದರಲ್ಲಿ ಬಹಳಷ್ಟು ಫಸ್ಟ್ ಪಿಯುಸಿ ಪಾಠದವು. ಬೋರ್ಡ್ ಪರೀಕ್ಷೆ ಸೆಕೆಂಡ್ ಪಿಯುಸಿಗೆ ಮಾತ್ರ ಅಲ್ವಾ, ಫಸ್ಟ್ ಇಯರ್ ಪುಸ್ತಕ ಮಾಳಿಗೆ ಸೇರಿತ್ತು. ಸಿಇಟಿ ಎರಡೂ ವರ್ಷದಿಂದ ಕೇಳುತ್ತದೆ. ಕೆಮಿಸ್ಟ್ರಿ, ಬಯಾಲಜಿಗೆ ಗೈಡು ಬಿಟ್ಟು ಎನ್‌ಸಿಇಆರ್‌ಟಿ ಪುಸ್ತಕವನ್ನೇ ಚಿತ್ರದ ಕೆಳಗಿನ ಸಾಲನ್ನೂ ಬಿಡದೆ ಓದಿದೆ. ಎಲ್ಲ ಪಾಠ ಮುಗಿಸಲಿಲ್ಲ. ರೊಟೇಶನಲ್ ಮೋಶನ್ ಇವತ್ತಿಗೂ ನನಗೆ ಬರುವುದಿಲ್ಲ. ಈಗ ಹಳೆ ಪೇಪರ್ ಬಿಡಿಸುವವರು ಕೈಬಿಟ್ಟ ಪಾಠ ಯಾವುದು ಅಂತ ಮೊದಲು ನೋಡಿಕೊಳ್ಳಿ, ಸಿಲೆಬಸ್ ಆಮೇಲೆ ಕಡಿಮೆ ಆಗಿದೆ.

2019ರಲ್ಲಿ ಸಿಇಟಿ ಏಪ್ರಿಲ್ 23, 24ಕ್ಕೆ ಇತ್ತು. ಲೋಕಸಭೆ ಚುನಾವಣೆಯಿಂದ 29, 30ಕ್ಕೆ ಹೋಯಿತು. ಹೆಚ್ಚಿಗೆ ಸಿಕ್ಕ ಆರು ದಿನದಲ್ಲಿ ಹೊಸ ಪಾಠ ಮುಟ್ಟಲಿಲ್ಲ, ಆ ನೋಟ್‌ಬುಕ್ ಮಾತ್ರ ಓದಿದೆ. ಅಷ್ಟು ಹೊತ್ತಿಗೆ ಅದು 190 ಪುಟ ಆಗಿತ್ತು.

ಬಂದದ್ದು 162. ಬಯಾಲಜಿ 49, ಗಣಿತ 33, ಫಿಸಿಕ್ಸ್ 36, ಕೆಮಿಸ್ಟ್ರಿ 44. ಪಿಯುಸಿ ಅಂಕ ಹಳೆಯದೇ. ಆದರೆ ರ‍್ಯಾಂಕಿಗೆ ಪಿಯುಸಿಯ 400, ಸಿಇಟಿಯ 240 ಅರ್ಧರ್ಧ ತೂಕ. ಅಂದರೆ ಸಿಇಟಿಯ ಮೂರು ಅಂಕ ಪಿಯುಸಿಯ ಐದಕ್ಕೆ ಸಮ. ನನ್ನ 54 ಅಂಕ ಪಿಯುಸಿಯಲ್ಲಿ 90 ಜಾಸ್ತಿ ಬಂದಷ್ಟಾಯಿತು.

ಇನ್ನೊಂದು ಮಾತು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು ಶೇ. 15, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲು ಶೇ. 5 ಇದೆ. 2018ರಲ್ಲಿ ನಾನು ಅರ್ಜಿಯಲ್ಲಿ ಅದನ್ನು ಹಾಕಿರಲೇ ಇಲ್ಲ, ಯಾರಿಗೂ ಬಯ್ಯುವಂತಿಲ್ಲ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಅದನ್ನು ಜನವರಿಯಲ್ಲೇ ಮಾಡಿಸಿ ಇಟ್ಟುಕೊಳ್ಳಿ.

ಸೀಟು ಸಿಕ್ಕಿತು, ಶಿರಸಿಯಲ್ಲೇ. ಅಂಗಡಿ ಬಿಡುವ ದಿನ ಧಣಿಯ ಮಗಳು ಆ ನೋಟ್‌ಬುಕ್ ಕೇಳಿದಳು, ಅವಳದು ಸೆಕೆಂಡ್ ಪಿಯುಸಿ. ಎರಡೇ ದಿನಕ್ಕೆ ವಾಪಸ್ ತಂದಳು. “ಸೆಂಟಿಮೀಟರ್ ನಾನು ಸರಿ ಮಾಡ್ತೇನೆ ಮಾರಾಯ. ನಂದೇ ಬೇರೆ ಇದೆ” ಅಂದಳು. ಅಷ್ಟು ಹೇಳಿ ರದ್ದಿ ಕಾಗದದ ಕಟ್ಟಿನಿಂದ ಒಂದು ಹಿಡಿ ಎತ್ತಿಕೊಂಡು ಸ್ಟೇಪಲ್ ಹೊಡೆದುಕೊಂಡಳು.